ಕಾಶಿಗೆ ಹೊರಡುವ ಮುನ್ನ ಕೇಳಬೇಕಾದ ಹಾಡುಗಳು

ಕಾಶೀಯಾತ್ರೆಗೆ ಹೊರಡುವ ಕನ್ನಡಿಗರು ಪಂಚಾಂಗವನ್ನು ನೋಡುತ್ತಾರೆ, ರೈಲಿನಲ್ಲಿ ಸ್ಥಳ ಕಾಯ್ದಿರಿಸುತ್ತಾರೆ, ಪಿತೃಕಾರ್ಯಕ್ಕೆ ಬೇಕಾದ ಹೆಸರು ಗೋತ್ರಗಳನ್ನು ಬರೆದಿಟ್ಟುಕೊಳ್ಳುತ್ತಾರೆ, ವಿಶ್ವನಾಥ, ಅನ್ನಪೂರ್ಣೆ, ವಿಶಾಲಾಕ್ಷಿ, ಕಾಲಭೈರವರ ದರ್ಶನದ ಕ್ರಮವನ್ನು ಹಿರಿಯರಿಂದ ಕೇಳಿ ತಿಳಿದುಕೊಳ್ಳುತ್ತಾರೆ. ವೀರಶೈವರಾದರೆ ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುವ ಏರ್ಪಾಡನ್ನೂ ಮಾಡಿಕೊಳ್ಳುತ್ತಾರೆ. ಇಷ್ಟೆಲ್ಲ ಸಿದ್ಧತೆಯ ನಡುವೆ ಕಿವಿಯ ಸಿದ್ಧತೆಯೊಂದು ಮಾತ್ರ ಉಳಿದುಹೋಗುತ್ತದೆ. ಶತಮಾನಗಳಿಂದ ಹಾಡುತ್ತಲೂ ನುಡಿಸುತ್ತಲೂ ಬಂದ ಆ ನಗರದಲ್ಲಿ ಮೂರು ರಾತ್ರಿ ತಂಗಿ, ಸಂಜೆಯ ಗಂಗಾರತಿಯ ಧ್ವನಿವರ್ಧಕಗಳ ಹೊರತು ಬೇರೇನನ್ನೂ ಕೇಳದೆ ಹಿಂದಿರುಗುವವರೇ ಬಹುಮಂದಿ. ಇದು ಅವರ ಅಪರಾಧವಲ್ಲ. ಆದರೆ ನಿವಾರಿಸಿಕೊಳ್ಳಬಹುದಾದ ನಷ್ಟ.

ಕಾಶಿಯ ಸಂಗೀತವನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ನೀವು ಯಾವ ಮಾಸದಲ್ಲಿ ಹೋಗುವಿರೋ ಆ ಮಾಸದ ಹಾಡನ್ನು ಮೊದಲು ಕೇಳಿರಿ. ಅಲ್ಲಿಯ ಗಾಯನವು ಋತುಚಕ್ರಕ್ಕೆ ಕಟ್ಟುಬಿದ್ದಿದೆ. ಫಾಲ್ಗುಣಕ್ಕೆ ಹೋರಿ, ಚೈತ್ರಕ್ಕೆ ಚೈತಿ, ಶ್ರಾವಣದ ಮಳೆಗೆ ಕಜರಿ ಮತ್ತು ಉಯ್ಯಾಲೆಯ ಝೂಲಾ. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ನಾವು ಅಮಾವಾಸ್ಯೆಗೆ ಮಾಸವನ್ನು ಮುಗಿಸುವವರು, ಅವರು ಹುಣ್ಣಿಮೆಗೆ ಮುಗಿಸುವವರು. ಆದುದರಿಂದ ನಮ್ಮ ಯುಗಾದಿಗೆ ಹದಿನೈದು ದಿನಗಳಿರುವಾಗಲೇ, ಹೋಳಿಯ ಮರುದಿನವೇ, ಕಾಶಿಯಲ್ಲಿ ಚೈತ್ರವು ಪ್ರವೇಶಿಸಿ ಚೈತಿಯ ಕಾಲವೂ ತೊಡಗಿರುತ್ತದೆ. ಶ್ರೀರಾಮನು ಹುಟ್ಟಿದ ಮಾಸವಾದ ಕಾರಣ ಚೈತಿಯ ಸಾಲುಗಳಲ್ಲಿ ರಾಮನಾಮವು ಸಂಬೋಧನೆಯಾಗಿ ಮತ್ತೆ ಮತ್ತೆ ಬರುತ್ತದೆ. ಆದರೆ ಹಾಡಿನ ವಸ್ತು ಬಹುಮಟ್ಟಿಗೆ ವಿರಹ. ಗೋದಿಯ ಕೊಯ್ಲಿನ ಹೊತ್ತಿಗೆ ಹಳ್ಳಿಯ ಬಯಲಿನಲ್ಲಿ ಹುಟ್ಟಿದ ಈ ಧಾಟಿ, ನಗರದ ಗಾಯಕಿಯರ ಕಂಠವನ್ನು ಸೇರಿ ರಾಗಗಳ ಸಂಸರ್ಗದಿಂದ ಗಾಂಭೀರ್ಯವನ್ನು ಪಡೆಯಿತು. ಮಿರ್ಜಾಪುರದ ಕಡೆಯಿಂದ ಬಂದುದೆಂದು ಹೆಸರಾದ ಕಜರಿಯ ಕಥೆಯೂ ಹೀಗೆಯೇ. ಕಾರ್ಮುಗಿಲನ್ನು ಕಂಡು ತವರನ್ನೋ ದೂರದಲ್ಲಿರುವ ಪತಿಯನ್ನೋ ನೆನೆಯುವ ಹೆಣ್ಣಿನ ಮಾತು ಅದರಲ್ಲಿದೆ. ಭೋಜಪುರಿ ತಿಳಿಯದವರಿಗೂ ಆ ಮಾತಿನ ತಾಪ ತಾಗದೆ ಇರದು.

ಈ ಋತುಗೀತೆಗಳ ಪಕ್ಕದಲ್ಲಿಯೇ ಠುಮರಿ ನಿಂತಿದೆ, ಮತ್ತು ಕಾಶಿಯ ಹೃದಯವಿರುವುದು ಅದರಲ್ಲಿಯೇ ಎಂಬುದು ನನ್ನ ದೃಢವಾದ ನಂಬಿಕೆ. ನೃತ್ಯದ ಲಯವನ್ನು ಅನುಸರಿಸಿ ಚುರುಕಾಗಿ ನಡೆಯುವ ಠುಮರಿ ಒಂದುಂಟು. ಕಾಶಿಯವರು ಬೆಳೆಸಿದುದು ಅದಲ್ಲ. ಅವರದು ಬೋಲ್ ಬನಾವ್ ಎಂಬ ವಿಳಂಬಿತವಾದ ಕ್ರಮ. ಒಂದೇ ಒಂದು ಸಾಲನ್ನು ಹಿಡಿದು, ಅದರ ಒಂದು ಪದವನ್ನು ಒಮ್ಮೆ ದೂರಿನಂತೆ, ಒಮ್ಮೆ ಯಾಚನೆಯಂತೆ, ಮತ್ತೊಮ್ಮೆ ಹುಸಿಮುನಿಸಿನಂತೆ, ಇನ್ನೊಮ್ಮೆ ಎಲ್ಲ ಆಸೆಯೂ ಮುಗಿದವಳ ನಿಟ್ಟುಸಿರಿನಂತೆ ಬೇರೆಬೇರೆ ಸ್ವರಗಳಲ್ಲಿ ಉಚ್ಚರಿಸುತ್ತ, ಅರ್ಥವು ಹೊರಳಿದಂತೆಲ್ಲ ಖಮಾಜಿನಿಂದಲೋ ಪೀಲುವಿನಿಂದಲೋ ನೆರೆಯ ರಾಗವೊಂದರ ಅಂಗಳಕ್ಕೆ ಕ್ಷಣಕಾಲ ಕಾಲಿಟ್ಟು ಮರಳುತ್ತ, ಗಾಯಕಿಯು ಅರ್ಧಗಂಟೆಯವರೆಗೂ ಆ ಸಾಲಿನೊಳಗೇ ಇರಬಲ್ಲಳು. ಕೊನೆಯಲ್ಲಿ ತಬಲಾದವರು ತಾಳವನ್ನು ಬದಲಿಸಿ ಲಗ್ಗಿ ಎಂಬ ದ್ರುತವಾದ ಮಾದರಿಗಳನ್ನು ಸುರಿಸುತ್ತಾರೆ. ಅಷ್ಟು ಹೊತ್ತು ತಡೆದು ನಿಲ್ಲಿಸಿದ್ದ ಭಾವವೆಲ್ಲ ಆಗ ಹರಿದು ಹೋಗುತ್ತದೆ. ಖಯಾಲನ್ನು ಕೇಳಿ ಪಳಗಿದ ಧಾರವಾಡ ಸೀಮೆಯ ರಸಿಕರಿಗೂ ಇದನ್ನು ಸವಿಯಲು ಸ್ವಲ್ಪ ಸಹನೆ ಬೇಕಾದೀತು, ಏಕೆಂದರೆ ಇಲ್ಲಿ ರಾಗದ ವಿಸ್ತಾರಕ್ಕಿಂತ ಮಾತಿನ ವಿಸ್ತಾರ ಹೆಚ್ಚು.

ಈ ಕಲೆಯನ್ನು ಹೊತ್ತು ತಂದವರು ದಾಲ್‌ಮಂಡಿ ಮೊದಲಾದ ಬೀದಿಗಳ ಮಹಡಿಗಳಲ್ಲಿ ಹಾಡುತ್ತಿದ್ದ ಸ್ತ್ರೀಯರು. ಅವರ ಸಂಗೀತವನ್ನು ಬೇಕೆಂದ ಸಮಾಜವು ಅವರನ್ನು ಮಾತ್ರ ಹೊಸ್ತಿಲಾಚೆಗೇ ನಿಲ್ಲಿಸಿತು. ರಸೂಲನ್ ಬಾಯಿಯವರು 1957ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರವನ್ನು ಪಡೆದವರು. 1969ರ ಗಲಭೆಯಲ್ಲಿ ಅಹಮದಾಬಾದಿನಲ್ಲಿದ್ದ ಅವರ ಮನೆ ಸುಟ್ಟುಹೋಯಿತು. ಅವರ ಧ್ವನಿಮುದ್ರಿಕೆಗಳನ್ನು, ಸಿದ್ಧೇಶ್ವರೀ ದೇವಿಯವರ ಭಾರವಾದ ತುಂಬುಕಂಠವನ್ನು, 1949ರಲ್ಲಿ ಅಲಹಾಬಾದ್ ಆಕಾಶವಾಣಿಯಿಂದ ಮೊದಲು ಹಾಡಿ 2017ರಲ್ಲಿ ತೀರಿಕೊಳ್ಳುವವರೆಗೂ ಈ ಪರಂಪರೆಯನ್ನು ಬೆಳಗಿದ ಗಿರಿಜಾ ದೇವಿಯವರ ಚೈತಿ ಕಜರಿಗಳನ್ನು ಕೇಳದೆ ಕಾಶಿಗೆ ಹೋಗಬೇಡಿರೆಂದು ಬೇಡಿಕೊಳ್ಳುತ್ತೇನೆ. ಸಮಯ ಕಡಿಮೆಯಿರುವವರು ಗಿರಿಜಾ ದೇವಿಯವರಿಂದಲೇ ತೊಡಗಬಹುದು. ಧ್ವನಿಮುದ್ರಣ ಸ್ವಚ್ಛವಾಗಿದೆ, ಉಚ್ಚಾರಣೆ ಸ್ಫುಟವಾಗಿದೆ.

ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ನಾವು ಬಲ್ಲೆವು. ವಿಶೇಷವಾಗಿ ಕನ್ನಡಿಗರು ಬಲ್ಲರು, ಏಕೆಂದರೆ 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜಕುಮಾರರ ಅಪ್ಪಣ್ಣನು ತುಟಿಗಿಟ್ಟ ಸನಾದಿಯಿಂದ ಹೊಮ್ಮಿದುದು ಖಾನರ ಉಸಿರು. ಆದರೆ ಆ ಉಸಿರು ಪಳಗಿದ ಸ್ಥಳವನ್ನು ಅರಿತವರು ಕಡಿಮೆ. 1916ರಲ್ಲಿ ಬಿಹಾರದ ಡುಮ್ರಾವಿನಲ್ಲಿ ಜನಿಸಿದ ಬಾಲಕನು ಕಾಶಿಗೆ ಬಂದು, ವಿಶ್ವನಾಥ ದೇವಾಲಯದ ಸೇವೆಯಲ್ಲಿದ್ದ ಬಂಧು ಅಲಿಬಕ್ಷ್ ವಿಲಾಯತು ಅವರಲ್ಲಿ ಕಲಿತನು. ಗಂಗೆಯ ದಡದ ಬಾಲಾಜಿ ಮಂದಿರದಲ್ಲಿ ಅಭ್ಯಾಸ ಮಾಡಿದನು. ಆ ಮಂದಿರಕ್ಕೆ ಹೋಗುವ ದಾರಿಯಲ್ಲಿ ರಸೂಲನ್ ಬಾಯಿಯವರ ಮನೆಯಿಂದ ಕೇಳಿಬರುತ್ತಿದ್ದ ಠುಮರಿಯೇ ತಮಗೆ ಸಂಗೀತದ ಆಸೆಯನ್ನು ಹಚ್ಚಿತೆಂದು ಮುಂದೆ ಖಾನರು ಸ್ಮರಿಸುತ್ತಿದ್ದರು. ಮೊಹರಮ್ಮಿನಲ್ಲಿ ಶೋಕದ ನೌಹಾ ನುಡಿಸುತ್ತ ಬರಿಗಾಲಲ್ಲಿ ನಡೆಯುತ್ತಿದ್ದವರೂ ಅವರೇ. 2001ರಲ್ಲಿ ಭಾರತರತ್ನ ಬಂದ ಮೇಲೂ ಅವರು ಬೆನಿಯಾಬಾಗ್ ಸಮೀಪದ ಹಳೆಯ ಮನೆಯನ್ನು ಬಿಡಲಿಲ್ಲ. ಅವರು ನುಡಿಸಿದ ಕಜರಿಯನ್ನೂ ಗಿರಿಜಾ ದೇವಿಯವರು ಹಾಡಿದ ಕಜರಿಯನ್ನೂ ಒಂದಾದಮೇಲೊಂದು ಕೇಳಿದರೆ, ಎರಡೂ ಒಂದೇ ಊರಿನ ಮಾತೆಂಬುದು ಮನವರಿಕೆಯಾಗುತ್ತದೆ.

ತಬಲಾದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಲಖನೌದಲ್ಲಿ ಮೋದೂ ಖಾನರ ಶಿಷ್ಯರಾಗಿ ಕಲಿತು ಮರಳಿದ ಪಂಡಿತ ರಾಮಸಹಾಯರು ಸ್ಥಾಪಿಸಿದ ಬನಾರಸ್ ಘರಾಣೆಯ ನುಡಿಸಾಣಿಕೆಯಲ್ಲಿ ಪಖವಾಜದ ಗಂಭೀರವಾದ ನಾದವುಂಟು. ಕಬೀರ್ ಚೌರಾ ಎಂಬ ಬಡಾವಣೆ ಈ ವಾದಕರ ತವರು. ಕಂಠೇ ಮಹಾರಾಜ, ಕಿಶನ್ ಮಹಾರಾಜ, ಸಾಮ್ತಾ ಪ್ರಸಾದರ ಹೆಸರುಗಳು ಪ್ರಸಿದ್ಧ. ನಾ ಧಿಂ ಧಿಂ ನಾ ಎಂಬ ನಾಲ್ಕೇ ಅಕ್ಷರಗಳನ್ನು ಊಹಾತೀತ ವೇಗದಲ್ಲಿಯೂ ಮಣಿಯಂತೆ ಬಿಡಿಬಿಡಿಯಾಗಿ ನುಡಿಸಿದ ಅನೋಖೇಲಾಲ್ ಮಿಶ್ರರನ್ನು ತಪ್ಪದೆ ಕೇಳಬೇಕು.

ಕರ್ನಾಟಕ ಸಂಗೀತದಲ್ಲಿ ಮಾತ್ರ ರುಚಿಯುಳ್ಳವರು ತಮಗೆ ಇದಾವುದೂ ಹೊಂದದೆಂದು ಸಂಕೋಚಪಡಬೇಕಾಗಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಯೌವನದಲ್ಲಿ ಚಿದಂಬರನಾಥ ಯೋಗಿಗಳ ಸಂಗಡ ಕೆಲವು ವರ್ಷ ಕಾಶಿಯಲ್ಲಿದ್ದರೆಂದೂ, ಅಲ್ಲಿ ಕೇಳಿದ ಧ್ರುಪದದ ನಿಧಾನಗತಿ ಅವರ ಕೃತಿಗಳಲ್ಲಿ ನೆಲಸಿತೆಂದೂ ಪ್ರತೀತಿಯಿದೆ. ಯಮುನಾಕಲ್ಯಾಣಿಯ ‘ಜಂಬೂಪತೇ’ಯನ್ನು ಕೇಳಿ, ಬಳಿಕ ಯಮನ್ ರಾಗದ ಧ್ರುಪದವೊಂದರ ಆಲಾಪವನ್ನು ಕೇಳಿದವರಿಗೆ ದಾರಿ ತಾನಾಗಿ ತೆರೆಯುತ್ತದೆ. ಅಂಥವರು ಮಹಾಶಿವರಾತ್ರಿಯ ಹೊತ್ತಿಗೆ ಹೋಗುವುದು ಲೇಸು; 1975ರಿಂದ ತುಲಸೀಘಾಟಿನಲ್ಲಿ ಆಗ ಧ್ರುಪದ ಮೇಳ ನಡೆಯುತ್ತದೆ.

ಉಳಿದವರಿಗೆ ಚೈತ್ರದ ಹನುಮಜ್ಜಯಂತಿಯ ಆಸುಪಾಸಿನ ದಿನಗಳೇ ಪ್ರಶಸ್ತ. ಸಂಕಟಮೋಚನ ದೇವಾಲಯದ ಅಂಗಳದಲ್ಲಿ ಆಗ ಹಲವು ರಾತ್ರಿಗಳ ಸಂಗೀತೋತ್ಸವ ಜರುಗುತ್ತದೆ. ಸಂಜೆ ತೊಡಗಿದ ಕಛೇರಿಗಳು ಬೆಳಗಿನವರೆಗೂ ಸಾಗುತ್ತವೆ, ಪ್ರವೇಶಕ್ಕೆ ಹಣ ತೆರಬೇಕಾಗಿಲ್ಲ, ದೇಶದ ಶ್ರೇಷ್ಠ ಕಲಾವಿದರು ಅಲ್ಲಿ ತಮ್ಮ ಕಲೆಯನ್ನು ಸೇವೆಯೆಂದು ಅರ್ಪಿಸುತ್ತಾರೆ. 2015ರಲ್ಲಿ ಪಾಕಿಸ್ತಾನದಿಂದ ಬಂದ ಗುಲಾಂ ಅಲಿಯವರೂ ಅದೇ ಅಂಗಳದಲ್ಲಿ ಕುಳಿತು ಹಾಡಿದರು.