ಕಾವೇರಿಗೆ ಅಡ್ಡಿಯಾದ ಭೀಮೆಯ ಮೀನು

ಏಪ್ರಿಲ್ ಮುಗಿಯುವ ಹೊತ್ತಿಗೆ ಕಾಗಿಣಾ ಹರಿಯುವ ಹೊಳೆಯಾಗಿ ಉಳಿದಿರುವುದಿಲ್ಲ. ತೆಲಂಗಾಣದ ಅನಂತಗಿರಿ ಗುಡ್ಡಗಳಲ್ಲಿ ಹುಟ್ಟಿ, ಸೇಡಂ, ಮಳಖೇಡ, ಚಿತ್ತಾಪುರ ಸೀಮೆ ದಾಟಿ ಶಹಾಬಾದ್ ಬಳಿಯ ಹೊನಗುಂಟದಲ್ಲಿ ಭೀಮೆಯನ್ನು ಕೂಡುವ ಈ ನದಿ, ಬೇಸಿಗೆಯಲ್ಲಿ ಪರಸಿ ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ಮಡುಗಳ ಸಾಲಾಗುತ್ತದೆ. ಚಿಂಚೋಳಿಯ ಮುಲ್ಲಾಮಾರಿಯ ಪಾಡೂ ಬೇರೆಯಲ್ಲ.

ಇಂಥ ನೀರಿನ ಮೀನುಗಳಿಗೆ ಈ ಲಯ ರೂಢಿಯಾಗಿದೆ. ಕೊರವ, ಮುರುಗೋಡು, ಚೇಳುಮೀನುಗಳು ಮಡುವಿನ ನೀರು ಕೆಟ್ಟರೂ ಮೇಲಕ್ಕೆ ಬಂದು ನೇರವಾಗಿ ಗಾಳಿ ಎಳೆದುಕೊಂಡು ಬದುಕುತ್ತವೆ. ಕೆಮ್ಮೀನಿನಂಥವು ಮುಂಗಾರಿನ ಹೊಸ ನೀರಿಗೆ ಕಾಯುತ್ತವೆ. ಅವು ಮೊಟ್ಟೆ ಇಡುವುದು ಪ್ರವಾಹದ ದಿನಗಳಲ್ಲಿ ಮಾತ್ರ. ಆ ವರ್ಷ ಮಳೆ ಕೈಕೊಟ್ಟರೆ ಮರಿಗಳೂ ಇಲ್ಲ.

ಜಿಲೇಬಿ ಮೀನಿಗೆ ಈ ಯಾವ ಕಟ್ಟುಪಾಡೂ ಇಲ್ಲ. ತಿಲಾಪಿಯಾ ಎಂಬ ಹೆಸರಿನ ಈ ಆಫ್ರಿಕಾದ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ, ಬಡವರಿಗೆ ಅಗ್ಗದ ಆಹಾರ ಸಿಗಲಿ ಎಂಬ ಸದುದ್ದೇಶದಿಂದ. ಏಳೇ ವರ್ಷದಲ್ಲಿ, ಅಂದರೆ 1959ರಲ್ಲಿ, ಅದನ್ನು ಇನ್ನು ಹರಡಬಾರದು ಎಂದು ಸರ್ಕಾರದ ಮೀನುಗಾರಿಕೆ ಸಂಶೋಧನಾ ಸಮಿತಿಯೇ ಹೇಳಬೇಕಾಯಿತು. ಹುಟ್ಟಿದ ಎರಡು-ಮೂರು ತಿಂಗಳಿಗೇ ಅದು ಪ್ರಾಯಕ್ಕೆ ಬರುತ್ತದೆ. ಗಂಡು ಮೀನು ದಡದ ಹತ್ತಿರ, ಆಳವಿಲ್ಲದ ತಳದಲ್ಲಿ ದುಂಡನೆಯ ಗುಣಿ ತೋಡಿ ಕಾವಲು ಕಾಯುತ್ತದೆ. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ಎಲ್ಲವನ್ನೂ ಬಾಯೊಳಗೆ ತುಂಬಿಕೊಂಡು ಹೊರಡುತ್ತದೆ. ಮರಿಗಳು ಬಾಯಿಂದ ಹೊರಬಂದ ಮೇಲೂ ಅಪಾಯ ಕಂಡರೆ ಮತ್ತೆ ತಾಯಿಯ ಬಾಯಿಗೇ ನುಗ್ಗುತ್ತವೆ. ಹೀಗೆ ಕಾಪಾಡಿದ ಸಂಸಾರ ವರ್ಷಕ್ಕೆ ಹಲವು ಸಲ. ಸ್ಥಳೀಯ ಮೀನುಗಳ ಮರಿಗಳು ಬೆಳೆಯಬೇಕಾದದ್ದೂ ಇದೇ ದಡದ ತೆಳುನೀರಿನಲ್ಲಿ. ಅಲ್ಲಿ ಈಗಾಗಲೇ ಗುಣಿ, ಕಾವಲು, ಜಗಳ. ಸಂಖ್ಯೆ ಮಿತಿಮೀರಿದಾಗ ಜಿಲೇಬಿಯೂ ಕುಳ್ಳಾಗುತ್ತದೆ. ಬಲೆ ತುಂಬುತ್ತದೆ, ಕೈಗೆ ಕಾಸು ಸಿಗುವುದಿಲ್ಲ.

ಭೀಮೆಯ ಮೇಲ್ದಂಡೆಯಲ್ಲಿ ಇದರ ಫಲ ಕಣ್ಣಿಗೆ ಕಾಣುವಂತಿದೆ. ಮಹಾರಾಷ್ಟ್ರದ ಉಜನಿ ಜಲಾಶಯದ ಹಿನ್ನೀರಿನ ದಡದಲ್ಲಿರುವ ಭಿಗವಣದ ಮಾರುಕಟ್ಟೆ ಚಿಲಾಪಿಗೆ ಹೆಸರುವಾಸಿ. ಚಿಲಾಪಿ ಎಂದರೆ ನಮ್ಮ ಜಿಲೇಬಿಯೇ. ಉಜನಿಯಿಂದ ಬಿಟ್ಟ ನೀರು ಅಫಜಲಪುರ ದಾಟಿ ಹೊನಗುಂಟದತ್ತಲೇ ಇಳಿಯುತ್ತದೆ. ಮಳೆಗಾಲದಲ್ಲಿ ನದಿಯ ಬ್ಯಾರೇಜುಗಳ ಗೇಟು ಎತ್ತಿದರೆ ಮೀನಿಗೆ ರಾಜ್ಯದ ಗಡಿಯಿಲ್ಲ.

ಆದರೆ ಬೇರೆ ದೇಶದ ಮೀನು ಮಾತ್ರ ಅಪಾಯ ಎಂದುಕೊಂಡರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಉಳಿದರ್ಧಕ್ಕೆ ಭೀಮೆಯದೇ ಮೀನು ಸಾಕ್ಷಿ. 1839ರಲ್ಲಿ ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ದಖನ್ನಿನ ಮೀನುಗಳ ಬಗ್ಗೆ ಬರೆಯುತ್ತಾ ಪುಣೆಯ ಮುಳಾ-ಮುಠಾ ನದಿಯ ಮಹಶೀರ್ ಒಂದನ್ನು ‘ಖುದ್ರೀ’ ಎಂದು ದಾಖಲಿಸಿದ. ಮುಳಾ-ಮುಠಾ ಭೀಮೆಯ ಉಪನದಿ. ಹಾಗಾಗಿ ನೀಲಿ ರೆಕ್ಕೆಯ ಈ ಮಹಶೀರ್ ಕೃಷ್ಣಾ-ಭೀಮಾ ಕೊಳ್ಳದ ಮನೆಮಗ. 1970ರ ದಶಕದಲ್ಲಿ ಟಾಟಾ ವಿದ್ಯುತ್ ಕಂಪನಿಯ ಲೋಣಾವಳ ಮೀನುಮರಿ ಕೇಂದ್ರದಲ್ಲಿ ಅದರ ಮರಿಗಳನ್ನು ಮಾಡಿ ದೂರದೂರದ ನದಿಗಳಿಗೆ ಹಂಚಲಾಯಿತು. ಕಾವೇರಿಗೂ ಬಂದವು. ಸಂರಕ್ಷಣೆಯ ಹೆಸರಿನಲ್ಲೇ!

ಕಾವೇರಿಯಲ್ಲಿ ಮೊದಲೇ ಒಂದು ದೈತ್ಯ ಮೀನಿತ್ತು. ಅದು ಕಿತ್ತಳೆ ಬಣ್ಣದ ರೆಕ್ಕೆಯ, ಗೂನುಬೆನ್ನಿನ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿ ದಡದ ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಆಮೇಲೆ ತೆರೆದು ನೋಡಿದರು. ನೀಲಿ ರೆಕ್ಕೆಯವು ಏರುತ್ತಾ ಹೋಗಿದ್ದವು, ಗೂನುಬೆನ್ನಿನವು ಇಳಿಯುತ್ತಾ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಯ ಪೆಟ್ಟೂ ಈ ಇಳಿಕೆಯಲ್ಲಿ ಸೇರಿದೆ ನಿಜ. 2018ರಲ್ಲಿ ಗೂನುಬೆನ್ನಿನ ಮಹಶೀರ್ ಅಳಿವಿನ ತೀರಾ ಅಂಚಿನಲ್ಲಿದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಗೆ ಸೇರಿತು. ಕೊಳ್ಳ ಬದಲಾದರೆ ನಮ್ಮ ಮೀನೂ ಪರಕೀಯವೇ.

ಮತ್ತೆ ಕಾಗಿಣಾ ಸೀಮೆಗೆ ಬಂದರೆ, ಶಹಾಬಾದ್, ವಾಡಿ ಸುತ್ತಿನ ಕಲ್ಲು ಗಣಿಗಳ ಗುಂಡಿಗಳಲ್ಲಿ ನಿಲ್ಲುವಂಥ ನೀರಿಗೆ ಇನ್ನೊಂದು ಹೆಸರು ಅಂಟಿಕೊಂಡೇ ಇರುತ್ತದೆ: ಸೊಳ್ಳೆ. ಅದಕ್ಕೆ ಗ್ಯಾಂಬೂಸಿಯಾ ಬಿಡುವ ಉಪಾಯ ಹಳೆಯದು. ಅಮೆರಿಕ ಮೂಲದ ಈ ಕಿರುಮೀನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂತು. ಸೊಳ್ಳೆಮರಿಯ ಜೊತೆಗೆ ಬೇರೆ ಮೀನಿನ ಮರಿ, ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ, ದೊಡ್ಡ ಮೀನಿನ ರೆಕ್ಕೆ ಕಚ್ಚುತ್ತದೆ. ಈ ಕೆಲಸಕ್ಕೆ ನಮ್ಮಲ್ಲೇ ಪುಟ್ಟ ಮೀನೊಂದಿದೆ. ನೀರಿನ ಮೇಲ್ಪದರದಲ್ಲೇ ಈಜುವ, ನೆತ್ತಿಯ ಮೇಲೆ ಬೆಳ್ಳಿಚುಕ್ಕೆ ಮಿನುಗುವ ಅಪ್ಲೋಕೈಲಸ್. ಅದನ್ನು ಕೇಳುವವರು ಕಡಿಮೆ.

ನಿಷೇಧಕ್ಕೆ ಎಷ್ಟು ಬಲವಿದೆ ಎನ್ನುವುದನ್ನು ಆಫ್ರಿಕನ್ ಕ್ಯಾಟ್‌ಫಿಶ್ ತೋರಿಸಿಕೊಟ್ಟಿದೆ. ಅದನ್ನು ಸಾಕಬಾರದು, ಇದ್ದದ್ದನ್ನು ನಾಶಮಾಡಬೇಕು ಎಂದು ಕೇಂದ್ರ ಸರ್ಕಾರ 1997ರಲ್ಲೇ ರಾಜ್ಯಗಳಿಗೆ ಸೂಚಿಸಿತು. ಹೊಂಡದ ಏರಿ ಒಡೆದ ಒಂದು ಮಳೆಗೆ ಆ ಸೂಚನೆ ಕೊಚ್ಚಿಹೋಗುತ್ತದೆ. ಸಿಕ್ಕಿದ್ದನ್ನೆಲ್ಲ ನುಂಗುವ ಈ ಮೀನು ಒಮ್ಮೆ ಹೊಳೆ ಸೇರಿದರೆ ಆರಿಸಿ ತೆಗೆಯುವ ಬಲೆ ಯಾರ ಬಳಿಯೂ ಇಲ್ಲ.

ಆದ್ದರಿಂದ ತಡೆಯಬೇಕಾದದ್ದು ಮರಿ ಬಿಡುವ ಮೊದಲೇ. ಕೆರೆ, ಜಲಾಶಯಗಳಿಗೆ ಕಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿ ಬಿಡುವುದು ಇಂದಿನ ವಾಡಿಕೆ. ಈ ಗೆಂಡೆಯೂ ಹೊರಗಿನದೇ, ತಳದ ಕೆಸರು ಕೆದಕಿ ನೀರು ಕಲಕುವ ಜಾತಿ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಜಲಾಶಯದಲ್ಲಾದರೂ ಬೇರೆ ಪಟ್ಟಿ ಇಟ್ಟುಕೊಳ್ಳಬಹುದು. ಕೃಷ್ಣಾ ಕೊಳ್ಳದ ಕೆಮ್ಮೀನಿಗೆ ಹಾರ್ಮೋನು ಚುಚ್ಚಿ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಿಹಿನೀರು ಮೀನುಸಾಕಣೆ ಸಂಸ್ಥೆಯ ಬೆಂಗಳೂರಿನ ಹೆಸರಘಟ್ಟದ ಸಂಶೋಧನಾ ಕೇಂದ್ರ ಸಾಧಿಸಿಕೊಂಡಿದೆ. ಇನ್ನು ಬೇಕಿರುವುದು ಆ ಮರಿಗಳಿಗೆ ಬೇಡಿಕೆ ಸಲ್ಲಿಸುವ ಮೀನುಗಾರರ ಸಹಕಾರ ಸಂಘಗಳು.