ಐದು ಪೆಟ್ಟು, ಒಂದು ಕೆಂಪು ದೀಪ

ಇಂಗ್ಲೆಂಡಿನ ಉತ್ತರದ ಬೆಟ್ಟಗಳ ನಡುವೆ ಹಾಯುವ ಸೆಟಲ್–ಕಾರ್ಲೈಲ್ ರೈಲುಮಾರ್ಗದಲ್ಲಿ, 24 ಕಮಾನುಗಳ ರಿಬಲ್‌ಹೆಡ್ ಸೇತುವೆ ದಾಟಿದ ಮೇಲೆ ಬ್ಲೀ ಮೂರ್ ಸಿಗ್ನಲ್ ಕ್ಯಾಬಿನ್ ಸಿಗುತ್ತದೆ. ಸುತ್ತ ಊರಿಲ್ಲ. ಗಾಳಿ, ಮಳೆ, ಕುರಿಗಳು, ಅಷ್ಟೆ.

ಒಳಗೆ ಗಂಟೆ ಒಂದು ಪೆಟ್ಟು ಬಾರಿಸುತ್ತದೆ. ಉತ್ತರದ ನೆರೆಯ ಗಾರ್ಸ್‌ಡೇಲ್ ಕ್ಯಾಬಿನ್ ಕರೆಯುತ್ತಿದೆ. ಇಲ್ಲಿಂದಲೂ ಒಂದು ಪೆಟ್ಟು ಕೊಟ್ಟರೆ, ಅಲ್ಲಿಂದ ಎಡೆಬಿಡದೆ ಐದು. ಗಂಟೆಗೆ ಸುಮಾರು 96 ಕಿ.ಮೀ.ವರೆಗೆ ಓಡಬಲ್ಲ ಗೂಡ್ಸ್ ಗಾಡಿಯನ್ನು ಕಳಿಸಲೇ ಎಂಬ ಪ್ರಶ್ನೆ ಅದು. ಎಕ್ಸ್‌ಪ್ರೆಸ್ ಆಗಿದ್ದರೆ ನಾಲ್ಕೇ ಪೆಟ್ಟು. ಒಪ್ಪಿಗೆಯಿದ್ದರೆ ಐದನ್ನೂ ತಿರುಗಿ ಬಾರಿಸಬೇಕು. ಸುಮ್ಮನಿದ್ದರೆ ಸದ್ಯಕ್ಕೆ ಬೇಡ ಎಂದರ್ಥ.

ಕ್ಯಾಬಿನ್ನಿನವರ ತಲೆಗೆ ಹೆಚ್ಚು ಕೆಲಸ ಕೊಡುವುದು ಗೂಡ್ಸ್ ಗಾಡಿಯೇ. ಅದು ಉದ್ದ, ಭಾರ. ಒಮ್ಮೆ ನಿಂತರೆ ಮತ್ತೆ ಓಟ ಹಿಡಿಯಲು ಹೊತ್ತು ಬೇಕು. 1985ರಿಂದ ಸೇತುವೆಯ ಮೇಲೆ ಇರುವುದು ಒಂದೇ ಹಳಿ. ಎದುರಿನಿಂದ ಗಾಡಿ ಬರುತ್ತಿದ್ದರೆ ಈ ಕಡೆಯದು ಕಾಯಲೇಬೇಕು. ಪ್ರಯಾಣಿಕರ ಗಾಡಿಗೆ ದಾರಿ ಬಿಡಲು ಗೂಡ್ಸನ್ನು ಪಕ್ಕದ ಲೂಪ್ ಹಳಿಗೆ ಹಾಕುವುದಾದರೆ ಅದರ ಬಾಲವೂ ಒಳಗೆ ಹಿಡಿಸಬೇಕು. ಕೊನೆಯ ವ್ಯಾಗನ್ ಒಂದೇ ಹೊರಗುಳಿದರೂ ಮುಖ್ಯ ಹಳಿ ಕಟ್ಟಿದಂತೆಯೇ.

ಇಂಥ ಕ್ಯಾಬಿನ್ನಿನಲ್ಲಿ ಕಪ್ಪು ಲಿವರ್ ಹಳಿ ಬದಲಿಸುವ ಪಾಯಿಂಟಿನದು, ನೀಲಿ ಅದರ ಬೀಗದ್ದು, ಕೆಂಪು ಕೈಮರದ್ದು. ಬೆವರಿಗೆ ಹಿಡಿ ತುಕ್ಕು ಹಿಡಿಯಬಾರದೆಂದು ಬಟ್ಟೆಯಲ್ಲಿ ಹಿಡಿದೇ ಎಳೆಯುವ ರೂಢಿ. ಪಾಯಿಂಟು ಸರಿಯಾಗಿ ಕೂತು ಬೀಗ ಬೀಳುವ ತನಕ ಕೆಂಪು ಲಿವರ್ ಕದಲುವುದಿಲ್ಲ. ಉಕ್ಕಿನ ಪಟ್ಟಿಗಳು ಕಚ್ಚಿಕೊಂಡು ಅದನ್ನು ತಡೆದಿರುತ್ತವೆ. ಪಾಯಿಂಟು, ಸಿಗ್ನಲ್ಲುಗಳನ್ನು ಹೀಗೆ ಒಂದಕ್ಕೊಂದು ಕಟ್ಟಿಹಾಕುವ ಉಪಾಯಕ್ಕೆ ಜಾನ್ ಸ್ಯಾಕ್ಸ್‌ಬಿ 1856ರಲ್ಲೇ ಪೇಟೆಂಟ್ ಪಡೆದಿದ್ದ.

ಆದರೆ ಗಾಡಿ ಎಲ್ಲಿ ನಿಂತಿದೆ ಎಂಬುದು ಆ ಉಕ್ಕಿಗೆ ಗೊತ್ತಿಲ್ಲ. 1910ರ ಡಿಸೆಂಬರ್ 24ರ ನಸುಕಿನಲ್ಲಿ ಇದೇ ಗಾರ್ಸ್‌ಡೇಲ್‌ನಲ್ಲಿ (ಆಗ ಹಾಸ್ ಜಂಕ್ಷನ್) ಸಿಗ್ನಲ್ ಮುಂದೆ ಕಾಯುತ್ತಿದ್ದ ಎರಡು ಬಿಡಿ ಇಂಜಿನುಗಳನ್ನು ಸಿಗ್ನಲ್‌ಮನ್ ಮರೆತುಬಿಟ್ಟ. ಹತ್ತು ಗಂಟೆಯ ರಾತ್ರಿಪಾಳಿಯ ಕೊನೆಗಾಲ. ಅವನನ್ನು ದೂರಲು ನನಗೆ ಬಾಯಿ ಬಾರದು. ಎಕ್ಸ್‌ಪ್ರೆಸ್ಸಿಗೆಂದು ಇಳಿದ ಕೈಮರ ತಮಗೇ ಎಂದುಕೊಂಡು ಇಂಜಿನುಗಳು ಹೊರಟವು. ಹಿಂದಿನಿಂದ ಎಕ್ಸ್‌ಪ್ರೆಸ್ ಬಂದು ಗುದ್ದಿತು. 12 ಮಂದಿ ಸತ್ತರು. ಹಳಿಯಲ್ಲೇ ವಿದ್ಯುತ್ ಹರಿಸಿ, ನಿಂತ ಗಾಡಿಯ ಇರವನ್ನು ಕ್ಯಾಬಿನ್ನಿಗೆ ತಿಳಿಸುವ ಏರ್ಪಾಡಿಗೆ ಒತ್ತು ಬಂದದ್ದು ಆಮೇಲೆ.

ಇಷ್ಟಾದರೂ ಗೂಡ್ಸ್ ಹಾಯುವಾಗ ಎದ್ದು ಕಿಟಕಿಗೆ ಬರಲೇಬೇಕು. ಚಕ್ರದಲ್ಲಿ ಹೊಗೆಯಿದೆಯೆ, ಹೊರೆ ಜರುಗಿದೆಯೆ ಎಂದು ಒಂದೊಂದೇ ವ್ಯಾಗನ್ ನೋಡುತ್ತ, ಕಟ್ಟಕಡೆಯದರ ಕೆಂಪು ದೀಪ ಕಾಣುವ ತನಕ ನಿಲ್ಲಬೇಕು. ದೀಪ ಕಂಡರೆ ಗಾಡಿ ಇಡಿಯಾಗಿ ಬಂದಿದೆ, ಕೊಂಡಿ ಕಳಚಿ ಯಾವುದೂ ಹಿಂದೆ ಉಳಿದಿಲ್ಲ. ಆಗ ಗಾರ್ಸ್‌ಡೇಲ್‌ಗೆ ಎರಡು ಪೆಟ್ಟು, ತುಸು ತಡೆದು ಇನ್ನೊಂದು; ಬಳಿಕ ಪುಸ್ತಕದಲ್ಲಿ ಆ ಹೊತ್ತಿನ ನಿಮಿಷ.