ನಿಮಗಿದು ಗೊತ್ತೆ? ದೇವಿ ನಾಣ್ಯದ ಬೆಲೆ ಎಷ್ಟು?

ಪೊಳಲಿ ಜಾತ್ರೆಯ ಸಂತೆಯಲ್ಲಿ ಚಿಲ್ಲರೆಯ ಜತೆ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಕೈಗೆ ಬಂದರೆ ಕೆಲವರು ಖರ್ಚು ಮಾಡುವುದಿಲ್ಲ. ಮಾರಿದರೆ ಲಕ್ಷಗಟ್ಟಲೆ ಸಿಗುತ್ತದಂತೆ!

ಸಿಗದು. 2012ರ ಈ ನಾಣ್ಯ ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿನದು. ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ: ವಜ್ರಾಕೃತಿ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಾದರೆ ಹೈದರಾಬಾದ್, ದುಂಡು ಚುಕ್ಕೆಯಾದರೆ ನೊಯ್ಡಾ, ಗುರುತೇ ಇಲ್ಲದಿದ್ದರೆ ಕೋಲ್ಕತ್ತ. ಸಂಗ್ರಾಹಕರು ಬೆಲೆ ಕಟ್ಟುವುದು ಈ ಗುರುತು, ಅಚ್ಚಾದ ಸಂಖ್ಯೆ, ಸವೆತ ನೋಡಿ. ದೇವಿಯ ಮಹಿಮೆ ನೋಡಿ ಅಲ್ಲ. ಹುಣಸೆಹುಳಿ ಹಾಕಿ ತಿಕ್ಕಿದರೆ ಹೊಳಪು ಬಂದೀತು, ಬೆಲೆ ಇಳಿಯುತ್ತದೆ.

ಹಳೆಯ ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.